ಬೇಡಗದ ಕೆಸರು ಸಾಂಗ್ಲಿಗೆ ಹೋದದ್ದು

ಆಗ ನನಗೆ ಅರವತ್ತಾರು ವರ್ಷ. ಅದಾಗಿ ಈಗ ಹದಿನಾಲ್ಕು ವರ್ಷವಾಯಿತು. ಬೇಡಗದಿಂದ ಮಿರಜ, ಮಿರಜದಿಂದ ಸಾಂಗ್ಲಿ, ಎಲ್ಲ ಕೂಡಿದರೆ ಇಪ್ಪತ್ತು ಇಪ್ಪತ್ತೆರಡು ಕಿಲೋಮೀಟರ್ ಆದೀತು. ಇಷ್ಟಕ್ಕೂ ಪ್ರವಾಸ ಅನ್ನುತ್ತಾರೇನು ಎಂದು ನನ್ನ ತವರಿನವರು ನಗುತ್ತಾರೆ. ನಾನು ದೂರದ ಶಿಖರ್ಜಿಗೆ ಯಾತ್ರೆ ಹೋಗಿ ಬಂದಿದ್ದೇನೆ, ಶ್ರವಣಬೆಳಗೊಳಕ್ಕೆ ಎರಡು ಸಲ ಹೋಗಿದ್ದೇನೆ. ಅವುಗಳ ಬಗ್ಗೆ ಬರೆಯಲು ನನಗಿಂತ ಚೆನ್ನಾಗಿ ಬರೆಯುವವರಿದ್ದಾರೆ. ಸಾಂಗ್ಲಿಗೆ ಕೆಸರು ಒಯ್ದದ್ದನ್ನು ಬರೆಯಲು ನನ್ನ ಹೊರತು ಯಾರೂ ಇಲ್ಲ. ಆ ಎರಡು ದಿನ ನನಗೆ ಕೈ ಕೊಟ್ಟವರ ಹೆಸರು ಎಲ್ಲಾದರೂ ಇರಲಿ ಎಂದು ಬರೆಯುತ್ತಿದ್ದೇನೆ. ಅಥಣಿಯಲ್ಲಿ ಮೂರನೆಯ ಈಯತ್ತೆವರೆಗೆ ಕಲಿತ ಕೈ ಇದು, ತಪ್ಪು ಕಂಡರೆ ನೀವೇ ತಿದ್ದಿಕೊಂಡು ಓದಿರಿ.

ನಮ್ಮ ಮನೆಯ ಹಿತ್ತಲಿಗೆ, ರಸ್ತೆಯ ಮಗ್ಗುಲಲ್ಲೇ ಒಂದು ಗುಂಡಿ ಇತ್ತು. ನನ್ನ ಮಾವನವರ ಕಾಲದಿಂದ ಹೊಲದ ಅರಿಶಿಣವನ್ನು ಅಲ್ಲೇ ದೊಡ್ಡ ಕಡಾಯಿಯಲ್ಲಿ ಕುದಿಸುತ್ತಿದ್ದೆವು, ಕುದಿಸಿದ ನೀರು ಆ ಗುಂಡಿಗೆ ಹೋಗುತ್ತಿತ್ತು. ಐವತ್ತು ವರ್ಷ ಹೀಗೇ ಹೋಗಿ ಹೋಗಿ ಅದರ ಕೆಸರು ಹಳದಿಯೂ ಅಲ್ಲದ ಕಪ್ಪೂ ಅಲ್ಲದ ಬಣ್ಣಕ್ಕೆ ಬಂದಿತ್ತು. ವಾಸನೆಯೂ ಅಷ್ಟೇ ಹಳೆಯದು. ನನ್ನ ಮಗ ಅಣ್ಣಾಸಾಬ ಅರಿಶಿಣ ಕುದಿಸುವುದನ್ನು ಮಶೀನಿನವರಿಗೆ ಕೊಟ್ಟು, ಆ ಜಾಗದಲ್ಲಿ ರಸ್ತೆಗೆ ಮುಖ ಮಾಡಿ ಮೂರು ಅಂಗಡಿ ಕಟ್ಟಿಸುವವನಿದ್ದ. ಒಂದು ಮೊಬೈಲಿನ ಅಂಗಡಿಗೆ, ಒಂದು ಟೈರಿನವನಿಗೆ ಎಂದು ಮಾತೂ ಆಗಿತ್ತು. ಗುಂಡಿಗೆ ಬುಧವಾರ ಕಲ್ಲು ಸುರಿಯುವುದೆಂದು ಟ್ರ್ಯಾಕ್ಟರಿನವನಿಗೆ ಹೇಳಿದ್ದ.

ಅಣ್ಣಾಸಾಬನ ಮಗಳು ಸ್ವಪ್ನಾಲಿ ಸಾಂಗ್ಲಿಯ ಕಾಲೇಜಿನಲ್ಲಿ ಕಣ್ಣಿಗೆ ಕಾಣದ ಜೀವಗಳ ಮೇಲೆ ಸಂಶೋಧನೆ ಮಾಡುತ್ತಿದ್ದಳು. ಎರಡು ವರ್ಷದ ಹಿಂದೆ ಆ ಗುಂಡಿಯಿಂದ ಒಂದು ಗಾಜಿನ ನಳಿಕೆಯಷ್ಟು ಏನೋ ತುಂಬಿಕೊಂಡು ಹೋಗಿದ್ದಳು. ಅದರೊಳಗಿನ ಒಂದು ಜೀವ ಬಟ್ಟೆಗೆ ಹಾಕುವ ಕೆಂಪು ಬಣ್ಣವನ್ನು ತಿಂದು ನೀರನ್ನು ತಿಳಿ ಮಾಡುತ್ತದೆ ಎಂದು ಕಂಡುಕೊಂಡಿದ್ದಳು. ಬಣ್ಣದ ಕಾರಖಾನೆಗಳ ನೀರು ಹಳ್ಳಕ್ಕೆ ಬಿದ್ದು ಹೊಲ ಕೆಡುವುದನ್ನು ನಾವೆಲ್ಲ ನೋಡಿದವರೇ. ಹೀಗಾಗಿ ಇದು ಕೆಲಸಕ್ಕೆ ಬರುವ ಓದು ಎಂದು ನನಗೆ ಅನ್ನಿಸಿತ್ತು. ಅಣ್ಣಾಸಾಬನಿಗೆ ಅನ್ನಿಸಿರಲಿಲ್ಲ. ನನ್ನ ಮಗಳು ಗಟಾರದ ಡಾಕ್ಟರ್ ಆಗುತ್ತಾಳೆ ಎಂದು ಊರಲ್ಲಿ ಹೇಳಿಕೊಂಡು ನಗುತ್ತಿದ್ದ.

ಏಪ್ರಿಲ್ ತಿಂಗಳ ಸೋಮವಾರ ಸಂಜೆ ಅವಳ ಫೋನು ಬಂತು. ಹಿಂದಿನ ಮೂರು ದಿನ ಕಾಲೇಜಿಗೆ ರಜೆ ಇತ್ತಂತೆ. ಲೋಡ್ ಶೆಡಿಂಗಿನ ದಿನಗಳು, ದಿನಕ್ಕೆ ಎಂಟು ತಾಸು ಕರೆಂಟ್ ಇರುತ್ತಿರಲಿಲ್ಲ. ಅದರಲ್ಲಿ ಇನ್ವರ್ಟರ್ ಸುಟ್ಟುಹೋಗಿ ಫ್ರಿಜ್ ಒಲೆಯ ಹಾಗೆ ಕಾದು, ಅವಳು ಎರಡು ವರ್ಷ ಸಾಕಿದ ಜೀವಗಳೆಲ್ಲ ಸತ್ತಿದ್ದವು. ಬರುವ ಸೋಮವಾರ ವಿದ್ಯಾಪೀಠದಿಂದ ಮೂವರು ನೋಡಲು ಬರುವವರಿದ್ದರು. ಅವರ ಮುಂದೆ ಕೆಂಪು ನೀರು ತಿಳಿಯಾಗಬೇಕು. ಆಗದಿದ್ದರೆ ಅವಳ ಕೆಲಸ ಅಲ್ಲಿಗೇ ಬಂದ್.

ನಾನು ಫೋನು ಕಿವಿಗೆ ಹಿಡಿದೆ. ಅವಳ ಕನ್ನಡ ಅರ್ಧ ಮರಾಠಿ, ಅಜ್ಜಿಗೆ ಆಯಿ ಅನ್ನುತ್ತಾಳೆ.

“ಆಯಿ, ನಂಗ ಬರಾಕ ಆಗೂದಿಲ್ಲ, ಪರೀಕ್ಷಾ ಡ್ಯೂಟಿ ಐತಿ. ಗುಂಡೀ ನೀರ ಪಾಹಿಜೆ, ಬೇಕ ಬೇಕ. ಒಂದ ಕ್ಯಾನ್. ಕ್ಯಾನ್ ಸ್ವಚ್ಛ ಇರ್ಲಿ ಹಾಂ, ಏಕದಮ್ ಸ್ವಚ್ಛ.”

“ಅಳಬ್ಯಾಡ. ನಾಳೆ ಮುಂಜಾನಿ ನಾ ಬರ್ತೇನಿ” ಅಂದೆ.

“ಕೆಸರ ಹೊತ್ತಕೊಂಡ ಸಾಂಗ್ಲಿಗಿ ಹೋಗ್ತೀಯೇನ ಅವ್ವಾ? ಮಂದಿ ಏನಂದಾರು?” ಅಂದ ಅಣ್ಣಾಸಾಬ.

“ಮಂದೀಗಿ ನಾ ಹಾದ್ಯಾಗ ಹೇಳ್ತೇನಿ, ನೀ ನಿನ್ನ ಕಲ್ಲ ನೋಡ್ಕೋ” ಅಂದೆ.

ಕ್ಯಾನು ಸ್ವಚ್ಛ ಇರಲಿ ಎಂದು ಅವಳು ಎರಡು ಸಲ ಹೇಳಿದ್ದಳು. ಕ್ಯಾನೇ ಅಷ್ಟು ಸ್ವಚ್ಛ ಇರಬೇಕಾದರೆ ಒಳಗಿನ ನೀರು ಹೇಗಿರಬೇಕು ಎಂದು ನಾನೇ ನಿರ್ಧಾರ ಮಾಡಿದೆ. ನಮ್ಮ ಜೈನರ ಮನೆಯಲ್ಲಿ ಸೋಸದ ನೀರನ್ನು ಯಾರ ಕೈಗೂ ಕೊಡುವುದಿಲ್ಲ. ಮದುವೆಯಾಗಿ ಬಂದ ಮರುದಿನದಿಂದ ನಾನು ಎರಡು ಪದರು ಬಟ್ಟೆಯಲ್ಲಿ ನೀರು ಸೋಸಿದವಳು. ಬಟ್ಟೆಯಲ್ಲಿ ಉಳಿದ ಜೀವಗಳನ್ನು ಎಲ್ಲಿಂದ ಬಂದವೋ ಆ ನೀರಿಗೇ ಮೆಲ್ಲಗೆ ತಿರುಗಿ ಬಿಡಬೇಕು, ಅವುಗಳ ಮನೆ ಅಗಲಿಸಬಾರದು. ಬರಿಯ ಸೋಸಿದ ನೀರಿನಲ್ಲಿ ಎರಡು ಗಳಿಗೆ ಕಳೆದರೆ ಮತ್ತೆ ಜೀವ ಹುಟ್ಟುತ್ತವೆ, ಕಾಯಿಸಿದರೆ ಒಂದು ದಿನ ಹುಟ್ಟುವುದಿಲ್ಲ ಎನ್ನುತ್ತಾರೆ. ಹುಟ್ಟಿ ಬಸ್ಸಿನ ಬಿಸಿಲಲ್ಲಿ ಸಾಯುವುದು ಬೇಡ. ಹೀಗೆ ವಿಚಾರ ಮಾಡಿ ನಸುಕಿನಲ್ಲಿ ಗುಂಡಿಯ ನೀರನ್ನು ಮೂರು ಸಲ ಸೋಸಿದೆ, ಬಟ್ಟೆಯನ್ನು ಗುಂಡಿಯಲ್ಲೇ ಅಲುಗಿಸಿ ತೊಳೆದೆ, ಸೋಸಿದ್ದನ್ನು ನಾಲ್ಕು ಉಕ್ಕು ಬರುವ ತನಕ ಕುದಿಸಿದೆ, ಆರಿಸಿ ಕ್ಯಾನಿಗೆ ಹಾಕಿದೆ. ಹಳದಿ ನೀರು ಎಣ್ಣೆಯ ಹಾಗೆ ತಿಳಿಯಾಗಿತ್ತು. ನನಗೆ ನನ್ನ ಕೆಲಸದ ಮೇಲೆ ಹೆಮ್ಮೆಯೇ ಬಂತು.

ಮಂಗಳವಾರ ಎಂಟು ಗಂಟೆಯ ಎಸ್‌ಟಿ ಬಸ್ಸು ಹಿಡಿದೆ. ಮಿರಜಕ್ಕೆ ಆಗ ಎಂಟು ರೂಪಾಯಿ. ಐದು ಲೀಟರಿನ ಕ್ಯಾನು ತೊಡೆಯ ಮೇಲೆ, ರೊಟ್ಟಿ, ಶೇಂಗಾ ಚಟ್ನಿ ಚೀಲದಲ್ಲಿ. ಪಕ್ಕದಲ್ಲಿ ಕುಳಿತ ಹೆಂಗಸು ಕ್ಯಾನು ನೋಡಿ ಎಣ್ಣೆ ಯಾವ ಗಾಣದ್ದು ಎಂದು ಕೇಳಿದಳು. ಗುಂಡಿಯದು ಅಂದೆ. ಅವಳು ತನ್ನ ಚೀಲವನ್ನು ಆಚೆ ಸರಿಸಿಕೊಂಡಳು.

ಮಿರಜದಲ್ಲಿ ಇಳಿದಾಗಲೇ ಬಿಸಿಲು ಏರಿತ್ತು. ಸ್ಟ್ಯಾಂಡಿನ ಹೊರಗೆ ಅರ್ಧ ಮಂದಿ ಆಸ್ಪತ್ರೆಗೆ ಬಂದವರು, ಕೈಯಲ್ಲಿ ಎಕ್ಸರೇ ಹಿಡಿದು ಕನ್ನಡದಲ್ಲಿ ದಾರಿ ಕೇಳುವವರು. ಒಬ್ಬಾತನಿಗೆ ದಾರಿ ತೋರಿಸಿ ಸಿಟಿ ಬಸ್ ಹತ್ತಿದೆ. ಮಿರಜದಿಂದ ಸಾಂಗ್ಲಿ ಹತ್ತು ಕಿಲೋಮೀಟರೂ ಇಲ್ಲ. ನಾನು ಸೊಸೆಯಾಗಿ ಬಂದಾಗ ನಡುವೆ ಬರೀ ಹೊಲ, ಅಲ್ಲೊಂದು ಇಲ್ಲೊಂದು ಬಂಗಲೆ. ಈಗ ಎರಡೂ ಕಡೆ ಮೋಟಾರುಸೈಕಲ್ ಶೋರೂಮು, ಗಾಜಿನ ಬ್ಯಾಂಕು, ಕಟ್ಟುತ್ತಿರುವ ಫ್ಲ್ಯಾಟು. ಎಲ್ಲಿ ಮಿರಜ ಮುಗಿಯಿತು, ಎಲ್ಲಿ ಸಾಂಗ್ಲಿ ಸುರುವಾಯಿತು ಎಂದು ಕಂಡಕ್ಟರನಿಗೂ ಗೊತ್ತಾಗುವುದಿಲ್ಲ. ವಿಶ್ರಾಮಬಾಗದ ಹತ್ತಿರ ಇಳಿದು ಕೇಳಿಕೊಂಡು ಕಾಲೇಜಿಗೆ ನಡೆದೆ.

ಗೇಟಿನಲ್ಲಿ ವಾಚಮನ್ ತಡೆದ. ಒಳಗಿನಿಂದ ಖಾಕಿ ಅಂಗಿಯ ಒಬ್ಬ ಬಂದ. ಅವನು ಮಹಾದೇವ, ಪ್ರಯೋಗಶಾಲೆಯ ಜವಾನ, ನೀರಿಲ್ಲದ ಜತ್ತ ಕಡೆಯವನು. ನನ್ನ ಸೀರೆ ನೋಡಿಯೇ ಕನ್ನಡ ಎಂದು ತಿಳಿದಿದ್ದ.

“ಬರ್ರಿ ಆಯಿ. ಸ್ವಪ್ನಾಲಿ ಮ್ಯಾಡಮ್ಮಾರ ಆಯಿ ಹೌದಲ್ರೀ? ಮುಂಜಾನಿಂದ ಹತ್ತ ಸಲ ಗೇಟಿಗಿ ಕಳಿಸ್ಯಾರ ನನ್ನ.” ಕ್ಯಾನು ಇಸಿದುಕೊಂಡು ಬಿಸಿಲಿಗೆ ಎತ್ತಿ ನೋಡಿದ. “ಇದ ಗುಂಡೀ ನೀರೇನ್ರಿ? ಹಿಂತಾ ನೀರ ನಮ್ಮ ಜತ್ತದಾಗ ಕುಡ್ಯಾಕ ಸಿಗೂದಿಲ್ಲ.”

ಮೇಲಿನ ಮಹಡಿಯಲ್ಲಿ ಉದ್ದ ಕೋಣೆ. ಕಲ್ಲಿನ ಕಟ್ಟೆ, ಗಾಜಿನ ಬಾಟಲಿಗಳು, ಅವುಗಳ ಬಾಯಿಗೆ ಹತ್ತಿಯ ಬಿರಡೆ. ಸ್ವಪ್ನಾಲಿ ಬಿಳಿ ಕೋಟಿನಲ್ಲಿ ಓಡಿ ಬಂದಳು, ಕ್ಯಾನಿನ ಮುಚ್ಚಳ ತೆಗೆದಳು, ಮೂಸಿದಳು. ಅವಳ ಮುಖ ಇಳಿಯಿತು.

“ಆಯಿ, ವಾಸನಿ ಯಾಕಿಲ್ಲ?”

ನಾನು ಏನೇನು ಮಾಡಿದೆನೋ ಎಲ್ಲ ಹೇಳಿದೆ. ಹೇಳುತ್ತ ಹೇಳುತ್ತ ನನಗೇ ಗೊತ್ತಾಗತೊಡಗಿತು, ಆದರೆ ಬಾಯಿ ನಿಲ್ಲಲಿಲ್ಲ. ನಾಲ್ಕು ಉಕ್ಕು ಅಂದಾಗ ಅವಳು ಕುರ್ಚಿಯ ಮೇಲೆ ಕುಳಿತುಬಿಟ್ಟಳು. ಮಹಾದೇವ ಗೋಡೆಯ ಕಡೆ ತಿರುಗಿ ಹೆಗಲು ಕುಣಿಸುತ್ತಿದ್ದ.

ಅವಳ ಗುರು ದೇಶಪಾಂಡೆ ಮ್ಯಾಡಮ್ ಎಂಬ ನಡುವಯಸ್ಸಿನ ಹೆಂಗಸು. ಮರಾಠಿಯಲ್ಲೇ ಮಾತಾಡಿದರು, ನಗಲಿಲ್ಲ. “ನಮ್ಮ ಮಕ್ಕಳಿಗೆ ಒಂದು ಪಾತ್ರೆಯನ್ನು ಜೀವವಿಲ್ಲದಂತೆ ಮಾಡುವುದನ್ನು ಕಲಿಸಲು ಆರು ತಿಂಗಳು ಬೇಕು ಆಜಿ. ನೀವು ಮನೆಯಲ್ಲೇ ಮಾಡಿ ತಂದಿದ್ದೀರಿ” ಅಂದರು. ಕ್ಯಾನಿನ ಒಂದು ಹನಿ ತೆಗೆದು ಗಾಜಿನ ಮೇಲೆ ಇಟ್ಟು, ದೊಡ್ಡದು ಮಾಡಿ ತೋರಿಸುವ ಯಂತ್ರಕ್ಕೆ ಕಣ್ಣು ಹಚ್ಚಿ ನೋಡಿದರು. ನನಗೂ ನೋಡಲು ಹೇಳಿದರು. ಬೆಳಕು ಬಿಟ್ಟರೆ ಏನೂ ಇರಲಿಲ್ಲ. ಆಮೇಲೆ ಮಹಾದೇವ ಹೂದಾನಿಯ ಹಳೆಯ ನೀರಿನ ಒಂದು ಹನಿ ತಂದು ಇಟ್ಟ.

ಅದರಲ್ಲಿ ಅವು ಇದ್ದವು. ಕೆಲವು ಈಜುತ್ತಿದ್ದವು, ಕೆಲವು ಗಿರಕಿ ಹೊಡೆಯುತ್ತಿದ್ದವು, ಒಂದು ಇನ್ನೊಂದನ್ನು ಅಟ್ಟಿಕೊಂಡು ಹೋಯಿತು. ಐವತ್ತು ವರ್ಷ ಯಾರ ಸಲುವಾಗಿ ನೀರು ಸೋಸಿದೆನೋ ಅವರನ್ನು ಆ ದಿನ ಮೊದಲ ಸಲ ನೋಡಿದೆ. ಚಂದವೇನೂ ಇರಲಿಲ್ಲ. ಆದರೆ ಇದ್ದವು. ಅಷ್ಟು ಸಾಕು. ಆ ಮ್ಯಾಡಮ್ಮನಿಗೆ ನಾನು ಇವತ್ತಿಗೂ ಕೈ ಮುಗಿಯುತ್ತೇನೆ. ಬೇರೆ ಯಾರಾದರೂ ಆಗಿದ್ದರೆ ಮುದುಕಿ ಕೆಲಸ ಕೆಡಿಸಿದಳು ಎಂದು ಬಾಗಿಲು ತೋರಿಸುತ್ತಿದ್ದರು.

ನಾನು ನೇರ ಕೇಳಿದೆ. “ನೀವು ಇವನ್ನು ಸಾಕುತ್ತೀರೋ, ಕೊಲ್ಲುತ್ತೀರೋ?”

“ಎರಡೂ” ಅಂದರು. “ಬೇಕಾದವನ್ನು ಸಾಕುತ್ತೇವೆ. ಕೆಲಸ ಮುಗಿದು ಉಳಿದವನ್ನು ಉಗಿಯ ಕುಕ್ಕರಿನಲ್ಲಿ ಇಡುತ್ತೇವೆ. ಹೊರಗೆ ಬಿಡುವಂತಿಲ್ಲ.”

ಸುಳ್ಳು ಹೇಳಬಹುದಿತ್ತು, ಹೇಳಲಿಲ್ಲ.

ಅಷ್ಟರಲ್ಲಿ ಮೇಲಿನಿಂದ ಗಣಿತದ ಸರ್ ಒಬ್ಬರನ್ನು ಕರೆಸಿದರು. ಇಂಥ ಜೀವಗಳು ಎಷ್ಟು ತಾಸಿನಲ್ಲಿ ಎಷ್ಟಾಗುತ್ತವೆ ಎಂದು ಸೂತ್ರ ಹಾಕುವುದೇ ಅವರ ಸಂಶೋಧನೆಯಂತೆ. ನಾನು ಗಣಿತದವರೆಂದರೆ ಬಡ್ಡಿ ಲೆಕ್ಕದವರು ಎಂದು ತಿಳಿದಿದ್ದೆ. ಅವರು ಹಲಗೆಯ ಮೇಲೆ ಗುಡ್ಡ ಏರಿದಂತೆ ಒಂದು ಗೆರೆ ಎಳೆದರು. ಕೆಸರು ಇವತ್ತು ಸಂಜೆಯೊಳಗೆ ಬಂದರೆ ಸೋಮವಾರಕ್ಕೆ ಸಾಕಾಗುತ್ತದೆ, ನಾಳೆ ಸಂಜೆ ಬಂದರೆ ಆಗುವುದಿಲ್ಲ ಅಂದರು.

“ಒಂದ ದಿನಕ್ಕ ಅಷ್ಟ ಫರಕ ಆಕ್ಕೈತೇನ್ರಿ?” ಅಂದೆ. ಮಹಾದೇವ ಅದನ್ನು ಮರಾಠಿಗೆ ಮಾಡಿದ. ಸರ್ ಗೆರೆ ತೋರಿಸಿದರು. ಮೊದಲು ಸಪಾಟು, ಕೊನೆಗೆ ಒಮ್ಮೆಲೆ ಕಡಿದು. ಒಂದು ಎರಡಾಗಿ ಎರಡು ನಾಲ್ಕಾಗಿ, ಬೇಕಾದ್ದರಲ್ಲಿ ಅರ್ಧ ಕೊನೆಯ ಒಂದೇ ಸಲಕ್ಕೆ ಆಗುತ್ತದಂತೆ.

“ಅಂದ್ರ ಹೆಪ್ಪ ಹಾಕೂದ ತಡಾ ಆದಂಗ. ಮುಂಜಾನಿ ನೋಡಿದ್ರ ಹಾಲ ಹಾಲಾಗೇ ಇರ್ತೈತಿ” ಅಂದೆ.

ಸರ್ ಸೀಮೆಸುಣ್ಣ ಕೆಳಗಿಟ್ಟರು. “ಅದೇ. ಇದನ್ನು ನಾನು ನಾಳೆ ಕ್ಲಾಸಿನಲ್ಲಿ ಹೇಳುತ್ತೇನೆ” ಅಂದರು.

ಗಡಿಯಾರ ನೋಡಿದರೆ ಹನ್ನೆರಡೂವರೆ. ಸ್ವಪ್ನಾಲಿಗೆ ಎರಡರಿಂದ ಐದು ಪರೀಕ್ಷೆಯ ಕೋಣೆ ಬಿಡುವಂತಿರಲಿಲ್ಲ. ಮಹಾದೇವನಿಗೂ ಅದೇ. ನಾನು ರೊಟ್ಟಿ ಬಿಚ್ಚಿ ನಾಲ್ಕು ತುತ್ತು ತಿಂದು, ತಿಳಿ ನೀರನ್ನು ಅವರ ಬೇಸಿನ್ನಿಗೆ ಸುರಿದು, ಖಾಲಿ ಕ್ಯಾನು ಹಿಡಿದು ಹೊರಟೆ.

“ಆಯಿ, ಈ ಸಲಾ ಸೋಸಬ್ಯಾಡ್ರಿ” ಎಂದು ಮಹಾದೇವ ಗೇಟಿನ ತನಕ ಬಂದು ಹೇಳಿದ. “ಉಪ್ಪ ಖಾರಾನೂ ಹಾಕಬ್ಯಾಡ್ರಿ.”

ವಾಪಸು ಬಸ್ಸಿನಲ್ಲಿ ನನ್ನ ತಲೆಯಲ್ಲಿ ಒಂದೇ ಮಾತು. ಹುಡುಗಿಯ ಎರಡು ವರ್ಷವನ್ನು ಫ್ರಿಜ್ ಅರ್ಧ ಕೊಂದಿತ್ತು, ಉಳಿದರ್ಧ ನಾನು ಕುದಿಸಿದ್ದೆ. ಇನ್ನು ಜೀವಗಳ ಮಾತು. ಅವನ್ನು ಮನೆ ಬಿಡಿಸಿ ಒಯ್ಯುವುದು ಪಾಪ. ಆದರೆ ನಾಳೆ ಅವುಗಳ ಮೇಲೆ ಹತ್ತು ಟ್ರಾಲಿ ಕಲ್ಲು ಬೀಳುವುದಿತ್ತು. ಇಲ್ಲಿದ್ದರೆ ಎಲ್ಲವೂ ಸಾಯುತ್ತವೆ, ಅಲ್ಲಿ ಕೆಲವು ಬದುಕುತ್ತವೆ, ಊಟವೂ ಸಿಗುತ್ತದೆ. ಮಿರಜ ಬರುವುದರೊಳಗೆ ನನ್ನ ನಿರ್ಧಾರವಾಯಿತು. ಅದು ಸರಿಯೋ ತಪ್ಪೋ ಎಂದು ಯಾವ ಮುನಿಗಳನ್ನೂ ನಾನು ಕೇಳಿಲ್ಲ. ತಪ್ಪು ಅಂದರೆ ಏನು ಮಾಡುವುದಿತ್ತು?

ಬೇಡಗದಲ್ಲಿ ಇಳಿದಾಗ ಮೂರೂವರೆ ದಾಟಿತ್ತು. ಮನೆಯ ತಿರುವಿಗೆ ಬರುವಾಗಲೇ ಟ್ರ್ಯಾಕ್ಟರಿನ ಸದ್ದು ಕೇಳಿಸಿತು. ಬುಧವಾರದ ಕಲ್ಲು ಮಂಗಳವಾರವೇ ಬಂದಿತ್ತು. ಎರಡು ಟ್ರಾಲಿ ಆಗಲೇ ಸುರಿದಿದ್ದರು, ಗುಂಡಿಯ ಮೂಡಣ ಅರ್ಧ ಕಾಣುತ್ತಿರಲಿಲ್ಲ. ಮೂರನೆಯ ಟ್ರಾಲಿ ಹಿಂದಕ್ಕೆ ಬರುತ್ತಿತ್ತು. ನಾನು ಹೋಗಿ ಗುಂಡಿಗೂ ಟ್ರಾಲಿಗೂ ನಡುವೆ ನಿಂತೆ.

ಓಡಿಸುವವನು ಬಸು, ಬಿಜಾಪುರ ಕಡೆಯಿಂದ ಕಲ್ಲು ಒಡೆಯುವ ಖಡಿ ಮಶೀನಿನ ಕೆಲಸಕ್ಕೆ ಬಂದವನು. ಬ್ರೇಕು ಒತ್ತಿ ತಿರುಗಿ ನೋಡಿದ.

“ಯವ್ವಾ, ಸರೀರಿ! ಕಲ್ಲ ಬಿದ್ರ ಕಾಲ ಹೋಗ್ತೈತಿ!”

“ಹೋದ್ರ ನನ್ನ ಕಾಲ. ಎರಡ ನಿಮಿಷ ಬಂದ ಮಾಡ ನಿನ್ನ ಗಾಡಿ.”

ಅಣ್ಣಾಸಾಬ ಓಡಿ ಬಂದ. “ಅವ್ವಾ, ಮುಂಜಾನಿ ಒಯ್ದಿ, ಮತ್ತ್ಯಾಕ ಬಂದಿ?”

“ಮುಂಜಾನಿ ಒಯ್ದದ್ದ ಖೊಟ್ಟಿ ಆತು. ನಾ ಕುದಿಸಿ ಒಯ್ದಿದ್ನಿ.”

ಅವನು ಮೊದಲು ಅರ್ಥವಾಗದೆ ನನ್ನನ್ನು ನೋಡಿದ, ಆಮೇಲೆ ಅರ್ಥವಾಗಿ ನೋಡಿದ. “ಜೀವಾ ಬೇಕಂದ್ರ ನೀ ಸಾರ ಮಾಡಿ ಒಯ್ದೇನ?” ಅಂದ. ನನಗೂ ನಗು ಬಂತು, ಆದರೆ ನಗುವ ಹೊತ್ತಲ್ಲ.

ಸೀರೆ ಕಚ್ಚೆ ಹಾಕಿ ಗುಂಡಿಗೆ ಇಳಿದೆ. ಕೆಸರು ಮೊಣಕಾಲಿನ ತನಕ ಬಂತು, ಮೇಲೆ ಬೆಚ್ಚಗೆ, ಒಳಗೆ ತಣ್ಣಗೆ. ನಾನು ಆ ಗುಂಡಿಗೆ ಐವತ್ತು ವರ್ಷ ನೀರು ಬಿಟ್ಟಿದ್ದೆ, ಒಮ್ಮೆಯೂ ಇಳಿದಿರಲಿಲ್ಲ. ಕ್ಯಾನಿನ ಬಾಯಿ ಸಣ್ಣದು, ಕೈಯಿಂದ ಕೆಸರು ಒಳಗೆ ಹೋಗಲೊಲ್ಲದು. ಬಸು ಎಂಜಿನ್ ಬಂದ್ ಮಾಡಿ ಕೆಳಗಿಳಿದ. ಡಿಸೇಲ್ ಹಾಕುವ ಲಾಳಿಕೆ ತಂದವನು, ಬೇಡ ಅದರಲ್ಲಿ ಎಣ್ಣೆ ಇದೆ ಎಂದು ತಾನೇ ಹೇಳಿ, ಒಂದು ಪ್ಲಾಸ್ಟಿಕ್ ಬಾಟಲಿಯ ತಳ ಕೊಯ್ದು ಲಾಳಿಕೆ ಮಾಡಿಕೊಟ್ಟ. ನಾನು ಬಾಚಿ ಹಾಕಿದೆ, ಅವನು ಹಿಡಿದ. ಮೇಲೆ ಬರುವಾಗ ನನ್ನ ಒಂದು ಚಪ್ಪಲಿ ಒಳಗೇ ಉಳಿಯಿತು. ಅದು ಈಗ ಟೈರಿನ ಅಂಗಡಿಯ ಕೆಳಗಿದೆ.

ಕಾಲು ತೊಳೆದು, ಹಳೆಯ ಚಪ್ಪಲಿ ಮೆಟ್ಟಿ, ಐದರ ಬಸ್ಸಿಗೆ ಹೋಗಿ ನಿಂತೆ. ಕಂಡಕ್ಟರ್ ಬಾಗಿಲಲ್ಲೇ ಮೂಗಿಗೆ ಕರ್ಚೀಫು ಹಿಡಿದ. “ಆಜಿ, ಹೇ ಕಾಯ ಆಹೆ?” ಕೆಸರು ಅಂದೆ. ಬಸ್ ತುಂಬಿದೆ, ಮಂದಿ ಓಕರಿಸಿಕೊಳ್ಳುತ್ತಾರೆ, ಇದನ್ನು ಒಯ್ಯಲಾಗದು ಅಂದ. ನಾನು ಬೈದೆ. ಬೈದರೂ ಬಸ್ ಹೋಯಿತು. ಅವನ ತಪ್ಪೇನೂ ಇಲ್ಲ, ನಾನಾದರೂ ಹತ್ತಿಸಿಕೊಳ್ಳುತ್ತಿರಲಿಲ್ಲ. ಮುಂದಿನ ಬಸ್ಸು ಆರೂವರೆಗೆ.

ರಸ್ತೆಯ ಮೇಲೆ ನಿಂತು ಏನು ಮಾಡುವುದೆಂದು ನೋಡುತ್ತಿರುವಾಗ ಬಸುವಿನ ಟ್ರ್ಯಾಕ್ಟರ್ ಬಂತು, ಟ್ರಾಲಿ ಖಾಲಿ. ಇನ್ನೊಂದು ಲೋಡಿಗೆ ಮಿರಜದ ಹೊರಗಿನ ಖಡಿ ಮಶೀನಿಗೆ ಹೊರಟಿದ್ದ.

“ಹತ್ರಿ ಯವ್ವಾ. ನನ್ನ ಗಾಡ್ಯಾಗ ವಾಸನೀಗಿ ಯಾರೂ ಬೈಯೂದಿಲ್ಲ.”

ಟ್ರಾಲಿಯ ಮೂಲೆಯಲ್ಲಿ ಗೋಣಿಚೀಲದ ಮೇಲೆ ಕುಳಿತೆ, ಕ್ಯಾನು ಎರಡು ಕಾಲ ನಡುವೆ. ಖಾಲಿ ಟ್ರಾಲಿ ಎತ್ತಿ ಎತ್ತಿ ಒಗೆಯುತ್ತದೆ, ನನ್ನ ಸೊಂಟ ಆ ಹಾದಿಯನ್ನು ಎಂಟು ದಿನ ಮರೆಯಲಿಲ್ಲ. ಖಡಿ ಧೂಳು, ಪಡುವಣ ಬಿಸಿಲು ಕಣ್ಣಿಗೆ. ಅವನು ತನ್ನ ಮಶೀನಿನ ತಿರುವು ಬಿಟ್ಟು ಎರಡು ಕಿಲೋಮೀಟರ್ ಮುಂದೆ ಬಂದು ಮಿರಜದ ಸಿಟಿ ಬಸ್ಸಿನ ಹತ್ತಿರವೇ ಇಳಿಸಿದ. ಹತ್ತು ರೂಪಾಯಿ ಕೊಡಹೋದೆ. “ಮೊಮ್ಮಗಳ ಸಾಲೀ ಕೆಲಸಾ ಅಂದ್ರಿ. ರೊಕ್ಕಾ ಯಾಕ್ರಿ?” ಅಂದ. ಆಮೇಲೆ ಅವನನ್ನು ನಾನು ನೋಡಲಿಲ್ಲ. ಎಲ್ಲಿದ್ದರೂ ಚೆನ್ನಾಗಿರಲಿ.

ಸಿಟಿ ಬಸ್ಸಿನಲ್ಲಿ ಹಿಂದಿನ ಬಾಗಿಲ ಹತ್ತಿರ ನಿಂತೆ. ನನ್ನ ಸುತ್ತ ನಾಲ್ಕು ಮಂದಿ ನಿಲ್ಲುವಷ್ಟು ಜಾಗ ತಾನೇ ಖಾಲಿಯಾಯಿತು. ಕಾಲೇಜು ಮುಟ್ಟಿದಾಗ ಹೊತ್ತು ಮುಳುಗಿ ದೀಪ ಹಚ್ಚುವ ವೇಳೆ, ಕರೆಂಟ್ ಇರಲಿಲ್ಲ. ಮನೆಗೆ ಹೋಗಬೇಕಾದ ಮಹಾದೇವ ಗೇಟಿನಲ್ಲೇ ಕಾದಿದ್ದ. ಮೇಲೆ ಮೇಣಬತ್ತಿಯ ಬೆಳಕಿನಲ್ಲಿ ಮ್ಯಾಡಮ್ ಇದ್ದರು, ಸ್ವಪ್ನಾಲಿ ಇದ್ದಳು. ಅವಳು ಮುಚ್ಚಳ ತೆಗೆದು ಮುಖವನ್ನೇ ಕ್ಯಾನಿನ ಬಾಯಿಗೆ ಒಯ್ದು ಮೂಸಿದಳು, ಮೂಗು ಮುಚ್ಚಲಿಲ್ಲ. ಇವಳು ಓದಿದ್ದು ನಿಜ ಎಂದು ನನಗೆ ಆಗ ಖಾತ್ರಿಯಾಯಿತು.

“ಹಾಚ ವಾಸ, ಆಯಿ! ಇದೇ ವಾಸನಿ!” ಎಂದು ನನ್ನನ್ನು ತಬ್ಬಿಕೊಳ್ಳಲು ಬಂದಳು.

“ದೂರ ಸರಿ. ನಿನ್ನ ಬಿಳೀ ಕೋಟ ಕೆಡ್ತೈತಿ” ಅಂದೆ.

ಮಹಾದೇವ ಚಹಾ ತರುತ್ತೇನೆ ಅಂದ. ಹೊತ್ತು ಮುಳುಗಿದ ಮೇಲೆ ನಾನು ಏನೂ ತೆಗೆದುಕೊಳ್ಳುವುದಿಲ್ಲ. ಅವನು ಅದನ್ನು ಕೇಳಿ ಮತ್ತೆ ಒತ್ತಾಯ ಮಾಡಲಿಲ್ಲ, ತನ್ನ ಸೈಕಲ್ ಅಲ್ಲೇ ಬಿಟ್ಟು ರಿಕ್ಷಾ ಕರೆದು ಬುಧಗಾಂವದಲ್ಲಿರುವ ನನ್ನ ತಂಗಿಯ ಮನೆಯ ಬಾಗಿಲಿಗೆ ಮುಟ್ಟಿಸಿ ಹೋದ. ತಂಗಿ ಬಾಗಿಲು ತೆರೆದು ಮೊದಲು ಅಂದದ್ದು, “ಮೊದಲ ಬಚ್ಚಲಕ್ಕ ನಡಿ, ಮಾತ ಆಮ್ಯಾಲ.”

ಬುಧವಾರ ಬೆಳಿಗ್ಗೆ ಅವಳ ಮನೆಯಲ್ಲಿ ಹೊಟ್ಟೆ ತುಂಬ ಉಂಡು, ಊರಿಗೆ ಹೋಗುವ ಮೊದಲು ಮತ್ತೆ ಕಾಲೇಜಿಗೆ ಹೋದೆ. ನಮ್ಮ ಕೆಸರು ಆರು ಬಾಟಲಿಗಳಲ್ಲಿ ಕೆಂಪು ನೀರಿನ ಜೊತೆ ಕುಳಿತಿತ್ತು, ಒಂದು ಯಂತ್ರ ಅವುಗಳನ್ನು ತೊಟ್ಟಿಲ ಹಾಗೆ ತೂಗುತ್ತಿತ್ತು. ನೀರು ಇನ್ನೂ ಕೆಂಪಗೇ ಇತ್ತು. ಆಗಲೇ ಏನೂ ಕಾಣಿಸುವುದಿಲ್ಲ, ಗಣಿತದವರ ಗೆರೆ ಇನ್ನೂ ಸಪಾಟಿನಲ್ಲಿದೆ ಎಂದು ಸ್ವಪ್ನಾಲಿ ಹೇಳಿದಳು.

ಮಹಾದೇವ ಪಕ್ಕದ ಕೋಣೆ ತೋರಿಸಿದ. ಅಲ್ಲಿ ಬೆಳ್ಳಿಯನ್ನು ಕಣ್ಣಿಗೆ ಕಾಣದಷ್ಟು ಸಣ್ಣ ಕಣ ಮಾಡುತ್ತಾರೆ. ಕೂದಲೆಳೆಯನ್ನು ಸಾವಿರಾರು ಸಲ ಸೀಳಿದರೆ ಎಷ್ಟೋ ಅಷ್ಟು ಅಂದ. ಅದನ್ನು ಮಾಡಲು ಅರಿಶಿಣದ ರಸವನ್ನೇ ಹಾಕುತ್ತಾರಂತೆ. ಬೆಳ್ಳಿ ಹಾಕಿದ ನೀರು ಬೆಳ್ಳಗಿರಲಿಲ್ಲ, ಕಡಕ್ ಚಹಾದ ಬಣ್ಣಕ್ಕಿತ್ತು. ಅದು ಯಾತಕ್ಕೆ ಎಂದು ಕೇಳಿದೆ. ಗಾಯಕ್ಕೆ ಕಟ್ಟುವ ಪಟ್ಟಿಗೆ ಹಚ್ಚಿದರೆ ರೋಗದ ಜೀವಗಳು ಸಾಯುತ್ತವೆ ಅಂದ. ಗೋಡೆಯ ಈಚೆ ಸಾಕುವುದು, ಆಚೆ ಕೊಲ್ಲುವುದು, ಎರಡಕ್ಕೂ ನಮ್ಮ ಅರಿಶಿಣ.

“ನಡುವ ಬಾಗಲಾ ಹಾಕ್ಕೋರಿ” ಎಂದಷ್ಟೇ ಹೇಳಿದೆ.

ಮ್ಯಾಡಮ್ ಗೇಟಿನ ತನಕ ಬಂದರು. ಕಲಿತ ಹೆಂಗಸು, ನನ್ನ ಕಾಲು ಮುಟ್ಟಲು ಬಗ್ಗಿದರು. ನಾನು ಹಿಡಿದುಕೊಂಡೆ. ನಮ್ಮ ಗುಂಡಿಯ ಜೀವಗಳು ಏನು ತಿನ್ನುತ್ತವೆ ಎಂದು ಕೇಳಿದೆ. ಅಷ್ಟು ವರ್ಷ ಏನು ತಿಂದು ಬದುಕಿದ್ದವೋ ಅದನ್ನೇ ಕೊಟ್ಟರೆ ಎಲ್ಲಿದ್ದರೂ ಇರುತ್ತವೆ, ಒಣಗಬಾರದು, ಕಾಯಬಾರದು ಅಷ್ಟೇ ಅಂದರು.

ಸೋಮವಾರದ ಮಾತು ಇಲ್ಲೇ ಹೇಳಿಬಿಡುತ್ತೇನೆ, ಕೇಳುವವರು ಕಾಯುವುದು ಬೇಡ. ಆರು ಬಾಟಲಿಗಳಲ್ಲಿ ಎರಡು ಹಾಗೇ ಉಳಿದವು, ನಾಲ್ಕರಲ್ಲಿ ಕೆಂಪು ಇಳಿದು, ಒಗೆದು ಒಗೆದು ಮಾಸಿದ ಹಳೆಯ ರವಿಕೆಯ ಬಣ್ಣವಾಯಿತಂತೆ, ಪೂರಾ ತಿಳಿಯಾಗಲಿಲ್ಲ. ಬಂದವರು ಮೂಗು ಮುರಿದರು, ಆದರೂ ಇನ್ನೆರಡು ವರ್ಷ ಕೊಟ್ಟು ಹೋದರು. ಅವಳಿಗೆ ಬೇಕಾದದ್ದು ಅಷ್ಟೇ.

ಬುಧವಾರ ಮಧ್ಯಾಹ್ನದ ಬಸ್ಸಿಗೆ ಬೇಡಗಕ್ಕೆ ಬಂದೆ. ಕೈ ಖಾಲಿ ಇತ್ತು, ಕಂಡಕ್ಟರ್ ಸೀಟು ಕೊಡಿಸಿದ. ಗುಂಡಿ ಇರಲಿಲ್ಲ. ರಸ್ತೆಯ ಮಟ್ಟಕ್ಕೆ ಕಲ್ಲು, ಅದರ ಮೇಲೆ ಕೆಂಪು ಮಣ್ಣು. ಅಣ್ಣಾಸಾಬ ಟೇಪು ಹಿಡಿದು ಅಂಗಡಿಯ ಅಳತೆ ಹಾಕುತ್ತಿದ್ದ. ನನ್ನನ್ನು ನೋಡಿ, ಆತೇನು ಎಂದು ಕೇಳಿದ. ಆತು ಅಂದೆ. ಒಳಗೆ ಹೋದೆ.

ಬಚ್ಚಲ ಮಗ್ಗುಲಲ್ಲಿ, ನೆರಳಿನಲ್ಲಿ ಸಿಮೆಂಟು ಹೊರುವ ದೊಡ್ಡ ಬುಟ್ಟಿಯೊಂದು ಇತ್ತು. ಮೇಲೆ ಹಸಿ ಗೋಣಿಚೀಲ. ಎತ್ತಿ ನೋಡಿದರೆ ಬುಟ್ಟಿ ತುಂಬ ಗುಂಡಿಯ ಕೆಸರು.

“ಇದ್ಯಾರು ತಗದಿಟ್ಟಾರ?” ಎಂದು ಕೂಗಿದೆ.

ಅಣ್ಣಾಸಾಬ ಹೊರಗಿನಿಂದಲೇ, ಟೇಪಿನ ಮೇಲಿನ ಕಣ್ಣು ತೆಗೆಯದೆ ಅಂದ, “ಮತ್ತ ಕರೆಂಟ ಹೋದ್ರ ಹೆಂಗ? ಅಕೀನ ಫ್ರಿಜ್ಜಿನ ಭರವಸಾ ಏನೈತಿ?”

ಅವನ ಪ್ಯಾಂಟು ಮೊಣಕಾಲಿನ ತನಕ ಕೆಸರಾಗಿ ದೋರಿಯ ಮೇಲೆ ಒಣಗುತ್ತಿತ್ತು. ಅದರ ಮಾತೆತ್ತಿದರೆ ಅವನಿಗೆ ನಾಚಿಕೆಯಾಗುತ್ತಿತ್ತು. ಸಂಜೆ ಊಟಕ್ಕೆ ಒಂದು ರೊಟ್ಟಿ ಜಾಸ್ತಿ ಬಡಿದೆ.

ಮರುದಿನ ಬೆಳಿಗ್ಗೆ ಎದ್ದು, ಬಚ್ಚಲ ಹಿಂದೆ ಬೇವಿನ ಬುಡದಲ್ಲಿ ಸಲಿಕೆಯಿಂದ ಮೊಳದುದ್ದ, ಮೊಳದಗಲ ಒಂದು ಗುಂಡಿ ತೋಡಿದೆ, ಬುಟ್ಟಿಯ ಕೆಸರನ್ನೆಲ್ಲ ಅದರಲ್ಲಿ ಸುರಿದೆ. ಒಲೆ ಹಚ್ಚಿ ನಾಲ್ಕು ಹಿಡಿ ಅರಿಶಿಣದ ಗಡ್ಡೆ ಕುದಿಸಿದೆ. ಆ ನೀರಿನ ಪಾತ್ರೆಯನ್ನು ಗುಂಡಿಯ ದಂಡೆಗೆ ಇಟ್ಟು, ಅದು ಪೂರಾ ಆರುವ ತನಕ ಅಲ್ಲೇ ಕಲ್ಲಿನ ಮೇಲೆ ಕುಳಿತೆ. ಬೆರಳು ಅದ್ದಿ ಎರಡು ಸಲ ನೋಡಿದೆ. ತಣ್ಣಗಾದ ಮೇಲೆ ಸುರಿದೆ.